ಪದರ ಪುಡ್ಡಿಂಗ್: ಒಲೆಯ ಕೆಲಸ ದೊಡ್ಡವರಿಗೆ, ಹಣ್ಣಿನ ಕೆಲಸ ಮಕ್ಕಳಿಗೆ

ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ ನಮ್ಮ ಪೇಟೆಗಳಿಗೂ ಬರುತ್ತದೆ. ಬಿಸ್ಕತ್ತಿನ ಪುಡಿ, ಕಸ್ಟರ್ಡ್, ಹಣ್ಣು ಹೀಗೆ ಒಂದರ ಮೇಲೊಂದು ಪದರ ಹಾಕುವ ಪುಡ್ಡಿಂಗ್ ಈಗ ಅನೇಕ ಮನೆಗಳಲ್ಲಿ ಅತಿಥಿಗಳಿಗೆ ಕೊಡುವ ತಿನಿಸಾಗಿದೆ. ಇದನ್ನು ಮಾಡುವ ದಿನ ಮಕ್ಕಳು ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಅವರಿಗೂ ಇದರಲ್ಲಿ ಕೆಲಸವಿದೆ. ಆದರೆ ಒಲೆ ಆರುವವರೆಗೆ ಅವರು ಹೊರಗಿರಲಿ.

ಏಕೆಂದರೆ ಕಸ್ಟರ್ಡ್ ನೀರಿನಂತಲ್ಲ. ಬಿಸಿನೀರು ಬಿದ್ದರೆ ಹರಿದುಹೋಗುತ್ತದೆ. ಗಟ್ಟಿಯಾದ ಕಸ್ಟರ್ಡ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಎಳೆಯ ಮಕ್ಕಳ ಚರ್ಮ ತೆಳು, ಗಾಯ ಬೇಗ ಆಳಕ್ಕಿಳಿಯುತ್ತದೆ. ಪಾತ್ರೆಯ ಹಿಡಿಯನ್ನು ಗೋಡೆಯ ಕಡೆ ತಿರುಗಿಸಿಡಿ. ಇಳಿಸಿದ ಪಾತ್ರೆಯನ್ನು ನೆಲದ ಮೇಲಾಗಲೀ ಕಟ್ಟೆಯ ಅಂಚಿನಲ್ಲಾಗಲೀ ಇಡಬೇಡಿ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೌಟು ತಿರುಗಿಸುವ ಅಭ್ಯಾಸವಂತೂ ಬೇಡವೇ ಬೇಡ.

ಸುಟ್ಟರೆ ತಕ್ಷಣ ನಲ್ಲಿಯ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಬಟ್ಟೆ ಅಂಟಿರದಿದ್ದರೆ ತೆಗೆಯಿರಿ. ಟೂತ್‌ಪೇಸ್ಟ್, ಕಾಫಿಪುಡಿ, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಯುನಾನಿ ವೈದ್ಯನಾದ ನಾನೂ ಆ ಹೊತ್ತಿಗೆ ಯಾವ ಮುಲಾಮನ್ನೂ ಹೇಳುವುದಿಲ್ಲ. ಬೊಬ್ಬೆ ಎದ್ದರೆ, ಮುಖ ಅಥವಾ ಕೈ ಸುಟ್ಟರೆ ಆಸ್ಪತ್ರೆಗೆ ಹೋಗಿ.

ಇನ್ನು ಮಾಡುವ ವಿಧಾನ. ಅರ್ಧ ಲೀಟರ್ ಹಾಲಿಗೆ 2 ದೊಡ್ಡ ಚಮಚ ಕಸ್ಟರ್ಡ್ ಪೌಡರ್ ಸಾಕು. ಪೌಡರನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಹಾಲಿಗೆ ಸುರಿದು, ಬಿಡದೆ ತಿರುಗಿಸುತ್ತಾ ಒಂದೆರಡು ನಿಮಿಷ ಕುದಿಸಿ. ಇದರಲ್ಲಿರುವುದು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟ. ಸರಿಯಾಗಿ ಬೇಯದಿದ್ದರೆ ಹಸಿವಾಸನೆ ಉಳಿಯುತ್ತದೆ. ಸಕ್ಕರೆ ಸೇರಿಸಿ ಇಳಿಸಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಹಣ್ಣು ಹಾಕಿದರೆ ಹುಳಿಯಿಂದ ಹಾಲು ಒಡೆಯಬಹುದು, ಪದರಗಳೂ ಕಲಸಿಹೋಗುತ್ತವೆ. ಹಾಲಿನೊಡನೆ ಹುಳಿ ಬೇಡ ಎನ್ನುವುದು ಯುನಾನಿಯ ಹಳೆಯ ಮಾತು. ಹಾಗಾಗಿ ಚೆನ್ನಾಗಿ ಕಳಿತ, ಸಿಹಿಯಾದ ಹಣ್ಣನ್ನೇ ಆರಿಸಿ. ಸ್ಟ್ರಾಬೆರಿ ದುಬಾರಿ ಎನಿಸಿದರೆ ರೇಷ್ಮೆ ಬೆಳೆಯುವ ಊರುಗಳಲ್ಲಿ ಹಿಪ್ಪುನೇರಳೆ ಹಣ್ಣಿದೆ. ಯುನಾನಿಯಲ್ಲಿ ಗಂಟಲುನೋವಿಗೆ ಕೊಡುವ ಶರ್ಬತ್ ತೂತ್ ಸಿಯಾಹ್ ಕಪ್ಪು ಹಿಪ್ಪುನೇರಳೆಯದ್ದೇ. ಆದರೆ ತೋಟಕ್ಕೆ ಔಷಧ ಸಿಂಪಡಿಸಿದ್ದಾರೆಯೇ ಎಂದು ಕೇಳದೆ ಕೀಳಬೇಡಿ.

ಆರಿದ ಮೇಲೆ ಮಕ್ಕಳನ್ನು ಕರೆಯಿರಿ. ಮೊದಲು ಸೋಪಿನಿಂದ ಕೈ ತೊಳೆಯಲಿ. ಹಣ್ಣನ್ನು ತೊಟ್ಟು ತೆಗೆಯುವ ಮುನ್ನ ಹರಿಯುವ ನೀರಿನಲ್ಲಿ ತೊಳೆಯುವುದು, ಬಿಸ್ಕತ್ತನ್ನು ಕವರಿನಲ್ಲಿ ಹಾಕಿ ಲಟ್ಟಣಿಗೆಯಿಂದ ಪುಡಿ ಮಾಡುವುದು, ಚಮಚದಿಂದ ಪದರ ಹಾಕುವುದು, ಇವೆಲ್ಲ ಅವರಿಗೆ ಬಿಡಿ. ಚಾಕು ನಿಮ್ಮ ಕೈಯಲ್ಲಿರಲಿ. ಗಾಜಿನ ಲೋಟದ ಬದಲು ಸ್ಟೀಲಿನದು ಒಳ್ಳೆಯದು. ಪದರ ಕಾಣುವುದಿಲ್ಲ ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ.

5 ವರ್ಷದೊಳಗಿನವರ ಲೋಟಕ್ಕೆ ಇಡೀ ದ್ರಾಕ್ಷಿ, ಬಾದಾಮಿ, ಗೋಡಂಬಿ ಬೀಳಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಬಾದಾಮಿಯನ್ನು ಪುಡಿ ಮಾಡಿ. ಜೆಲ್ಲಿಯ ಗಟ್ಟಿ ತುಂಡುಗಳೂ ಹಾಗೆಯೇ, ಕಿವುಚಿ ಕೊಡಿ. ಜೆಲ್ಲಿಗೆ ಹಾಕುವ ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಗಳಿಂದ ಬರುವಂಥದ್ದು. ಯಾವ ಪ್ರಾಣಿಯದು ಎಂದು ತಿಳಿಯದಿದ್ದರೆ ಕಡಲಪಾಚಿಯಿಂದ ಮಾಡಿದ ಚೈನಾ ಗ್ರಾಸ್ ಬಳಸಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಹಾಕಿದ ಯಾವುದನ್ನೂ ನೆಕ್ಕಿಸಬೇಡಿ.

ಮಾಡಿದ ಪುಡ್ಡಿಂಗ್ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ, ಮುಚ್ಚಳವಿರಲಿ. ಮಗು ತಿಂದು ಬಿಟ್ಟ ಎಂಜಲು ಲೋಟವನ್ನು ಮತ್ತೆ ಒಳಗಿಡಬೇಡಿ. ಉಳಿದದ್ದು ಮರುದಿನಕ್ಕೆ ಮುಗಿಯಬೇಕು. ರಾತ್ರಿಯೆಲ್ಲ ಕರೆಂಟ್ ಹೋಗಿದ್ದರೆ ಚೆಲ್ಲಿಬಿಡಿ.