ಎಗ್ಮೋರಿನಲ್ಲಿ ಒಂದು ಶನಿವಾರ



ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಣ್ಣನ ಮಗಳು ಒಂದು ನಕ್ಷೆಯನ್ನು ತಂದು ನನ್ನ ಮುಂದೆ ಹರಡಿದಳು. ಕೊರಿಯಾದ ಸೋಲ್ ನಗರದಲ್ಲಿರುವ ಬುಕ್‌ಚೋನ್ ಎಂಬ ಬಡಾವಣೆಯ ನಕ್ಷೆ ಅದು. ಒಂದು ಕಡೆ 1395ರಲ್ಲಿ ಕಟ್ಟಿದ ಅರಮನೆ, ಇನ್ನೊಂದು ಕಡೆ 1405ರ ಅರಮನೆ, ನಡುವೆ ಹಂಚಿನ ಮಾಡಿನ ಹಳೆಯ ಮನೆಗಳ ಓಣಿಗಳು. ಕೊರಿಯಾದ ಧಾರಾವಾಹಿಗಳನ್ನು ನೋಡಿ ನೋಡಿ ಆ ಓಣಿಗಳೆಲ್ಲ ಅವಳಿಗೆ ಬಾಯಿಪಾಠವಾಗಿವೆ. ಸೇಜೋಂಗ್ ದೊರೆ 1446ರಲ್ಲಿ ತನ್ನ ಪ್ರಜೆಗಳಿಗೆ ಕೊಟ್ಟ ಹಂಗುಲ್ ಲಿಪಿಯನ್ನೂ ಕಲಿತಿದ್ದಾಳೆ. "ಇರೋದೇ 24 ಅಕ್ಷರ ಚಿಕ್ಕಪ್ಪ, ಎರಡು ವಾರ ಸಾಕಾಯ್ತು. ಅಲ್ಲೂ ಅಪ್ಪನಿಗೆ ಅಪ್ಪಾ ಅಂತಲೇ ಅನ್ನೋದು ಗೊತ್ತಾ?" ಎಂದಳು.

ಅದೇ ವಾರ ನಮ್ಮ ಮನೆಯ ಹಳೆಯ ಟ್ರಂಕು ತೆರೆದಾಗ ಅದರೊಳಗೆ ನನ್ನ ಅಮ್ಮನ ಕಾಗದಗಳು ಸಿಕ್ಕವು. ತಿಪಟೂರಿನಿಂದ ಮದರಾಸಿಗೆ ಬರೆದ ನೀಲಿ ಇನ್‌ಲ್ಯಾಂಡ್ ಪತ್ರಗಳು. ಹುಡುಗಿ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಕಡೆ ಚಾಚಿ, "ನೀವೇ ಓದಿ ಹೇಳಿ" ಎಂದಳು. ಮನೆಯಲ್ಲಿ ಕನ್ನಡ ಮಾತನಾಡುವ ಹುಡುಗಿಗೆ ಅಜ್ಜಿಯ ಕಾಗದದ ಒಂದು ಸಾಲೂ ಓದಲು ಬರಲಿಲ್ಲ.

ನಾನು ಬೈಯಲಿಲ್ಲ. ಅವಳಿಗೆ ಕಲಿಸದೇ ಹೋದವರು ನಾವೇ ಅಲ್ಲವೇ? "ಬುಕ್‌ಚೋನ್‌ಗೆ ಮುಂದೆ ಹೋಗುವೆಯಂತೆ, ಈ ಶನಿವಾರ ನನ್ನ ಜೊತೆ ಎಗ್ಮೋರಿಗೆ ಬಾ" ಎಂದೆ. "ಅಲ್ಲೇನಿದೆ? ಬರೀ ರೈಲ್ವೆ ಸ್ಟೇಷನ್" ಎಂದು ನಕ್ಕಳು. ನಿಮ್ಮಲ್ಲಿ ಬಹಳ ಮಂದಿ ಹಾಗೆಯೇ ಅಂದುಕೊಂಡಿರಬಹುದು. ಅದಕ್ಕಾಗಿಯೇ ಈ ಲೇಖನ.

ಬಾವಿಗಳ ಮೇಲೆ ನಿಂತ ಚರ್ಚು

ಮೆಟ್ರೋ ಇಳಿದು ಮೊದಲು ಪೂನಮಲ್ಲಿ ಹೈರೋಡಿನಲ್ಲಿರುವ ಸೇಂಟ್ ಆಂಡ್ರ್ಯೂಸ್ ಕರ್ಕ್‌ಗೆ ಹೋಗಿ. 1821ರಲ್ಲಿ ಮುಗಿದ ಈ ಚರ್ಚಿನ ಒಳಭಾಗ ದುಂಡಗಿದೆ. ತಲೆಯೆತ್ತಿದರೆ ಗುಮ್ಮಟದ ತುಂಬ ಗಾಢ ನೀಲಿ ಬಣ್ಣ, ಅದರಲ್ಲಿ ಚಿನ್ನದ ನಕ್ಷತ್ರಗಳು. ಇಲ್ಲಿಯ ನೆಲ ಜೌಗು. ಆದ್ದರಿಂದ ಕಟ್ಟಡ ಕುಸಿಯದಂತೆ ಅಡಿಪಾಯಕ್ಕೆ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಇಡೀ ಭಾರವನ್ನು ಹೊರಿಸಿದ್ದಾರೆ. ಬಾವಿ ತೋಡಿ ಅಡಿಪಾಯ ಹಾಕುವುದು ನಮ್ಮ ದೇಶದ ಹಳೆಯ ಕಸುಬುದಾರರ ವಿದ್ಯೆ.

ಕಟ್ಟಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲ್ಯಾಂಡ್. ಈತ ಇದಕ್ಕೂ ಮೊದಲು ಎಲ್ಲಿದ್ದ ಗೊತ್ತೇ? ನಮ್ಮ ಶ್ರೀರಂಗಪಟ್ಟಣದಲ್ಲಿ! ಕಾವೇರಿಗೆ ಇಟ್ಟಿಗೆಯ ಕಮಾನು ಸೇತುವೆ ಕಟ್ಟುತ್ತೇನೆ ಎಂದಾಗ ಮೇಲಿನವರು ನಂಬಲಿಲ್ಲವಂತೆ. ಅಷ್ಟು ಅಗಲದ ಕಮಾನು ನಿಲ್ಲುತ್ತದೆ ಎಂದು ತೋರಿಸಲು ಸುಮಾರು 1808ರಲ್ಲಿ ತನ್ನ ತೋಟದಲ್ಲೇ ನೂರಡಿಗೂ ಮಿಕ್ಕಿದ ಒಂಟಿ ಕಮಾನನ್ನು ಕಟ್ಟಿಬಿಟ್ಟ. ಸೇತುವೆ ಆಗಲಿಲ್ಲ, ಆದರೆ ಕಮಾನು 1937ರವರೆಗೂ ನಿಂತಿತ್ತು. ಶ್ರೀರಂಗಪಟ್ಟಣದಲ್ಲಿ ಅದು ಬಿದ್ದುಹೋಯಿತು. ಅದೇ ಕೈಗಳ ಕೆಲಸ ಎಗ್ಮೋರಿನಲ್ಲಿ ಇಂದೂ ನಿಂತಿದೆ.

ಬೆಂಗಳೂರಿನ ಗುತ್ತಿಗೆದಾರ

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ರೈಲ್ವೆ ನಿಲ್ದಾಣ. ಮುಂಭಾಗಕ್ಕೆ ಬಂದು, ಓಡುವ ಜನರ ನಡುವೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಕೆಂಪು ಗೋಡೆ, ಬಿಳಿ ಅಂಚು, ಗುಮ್ಮಟ, ಕಮಾನುಗಳು. ನಕ್ಷೆ ಬರೆದವರು ಹೆನ್ರಿ ಅರ್ವಿನ್. 1908ರ ಜೂನ್‌ನಲ್ಲಿ ಉದ್ಘಾಟನೆಯಾದ ಈ ಕಟ್ಟಡವನ್ನು ಕಟ್ಟಿದ ಗುತ್ತಿಗೆದಾರರು ಬೆಂಗಳೂರಿನ ಟಿ. ಸಾಮಿನಾಡ ಪಿಳ್ಳೆ. ಖರ್ಚು ಸುಮಾರು 17 ಲಕ್ಷ ರೂಪಾಯಿ. ಹೆಸರು ತಮಿಳು, ಊರು ಬೆಂಗಳೂರು, ಕೆಲಸ ಮದರಾಸಿನದು! ಬೆಂಗಳೂರು ಮದರಾಸುಗಳ ನಡುವಿನ ಈ ಓಡಾಟ ನಮ್ಮ ನಿಮ್ಮ ಅಪ್ಪಂದಿರಿಂದ ಶುರುವಾದುದಲ್ಲ.

ವಸ್ತುಸಂಗ್ರಹಾಲಯದಲ್ಲಿ ನಮ್ಮ ನೊಳಂಬರು

ಈಗ ಪ್ಯಾಂಥಿಯನ್ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬನ್ನಿ. 1851ರಲ್ಲಿ ಆರಂಭವಾದ ಇದು ದೇಶದ ಅತಿ ಹಳೆಯ ಸಂಗ್ರಹಾಲಯಗಳಲ್ಲಿ ಒಂದು. ಇಲ್ಲಿನ ಅಮರಾವತಿಯ ಬೌದ್ಧ ಶಿಲ್ಪಗಳನ್ನೂ ಚೋಳರ ಕಂಚಿನ ಮೂರ್ತಿಗಳನ್ನೂ ನೋಡಲು ಪ್ರಪಂಚದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ತಿರುವಾಲಂಗಾಡಿನ ನಟರಾಜನ ಚಿತ್ರಗಳನ್ನು ನೋಡಿಯೇ ಫ್ರಾನ್ಸಿನ ಮಹಾಶಿಲ್ಪಿ ರೋಡಾನ್ ಬೆರಗಾಗಿ ಬರೆದದ್ದು. ಇವನ್ನು ತಪ್ಪದೆ ನೋಡಿ.

ಆದರೆ ನಾನು ನಿಮ್ಮನ್ನು ಇಲ್ಲಿಗೆ ಕರೆದದ್ದು ಬೇರೆ ಕಾರಣಕ್ಕೆ. ಶಿಲ್ಪ ವಿಭಾಗದಲ್ಲಿ ಹೇಮಾವತಿಯ ಶಿಲ್ಪಗಳಿವೆ. ಕಣ್ಣಿಗೆ ಬೀಳದಿದ್ದರೆ ಸಿಬ್ಬಂದಿಯನ್ನು ಕೇಳಿ. ಹೇಮಾವತಿ ಇರುವುದು ಇಂದಿನ ಆಂಧ್ರದ ಮಡಕಶಿರಾ ಬಳಿ, ನಮ್ಮ ತುಮಕೂರು ಜಿಲ್ಲೆಯ ಗಡಿಗೆ ಅಂಟಿಕೊಂಡಂತೆ. ಶಾಸನಗಳಲ್ಲಿ ಅದರ ಹೆಸರು ಹೆಂಜೇರು, ಅದು ನೊಳಂಬ ಅರಸರ ರಾಜಧಾನಿ. ಚಿತ್ರದುರ್ಗ, ತುಮಕೂರು, ಕೋಲಾರ, ಅನಂತಪುರದ ಸೀಮೆಗಳನ್ನು ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಆಳತೊಡಗಿ ಕನ್ನಡದಲ್ಲಿ ಶಾಸನ ಬರೆಸಿದವರು ಇವರು. ಇವರ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಹೆಸರು. ಇಲ್ಲಿರುವ ಹೇಮಾವತಿಯ ಕಂಬಗಳ ಹತ್ತಿರ ಹೋಗಿ ನೋಡಿ, ಕಲ್ಲಿನ ಮೇಲೆ ಸುತ್ತಿಕೊಂಡ ಬಳ್ಳಿಯ ಸಣ್ಣ ಕೆತ್ತನೆ ಅಕ್ಕಸಾಲಿಗನ ಕೆಲಸದಂತೆ ಕಾಣುತ್ತದೆ. ಈ ಶಿಲ್ಪಗಳ ಬಗ್ಗೆಯೇ ವಿದ್ವಾಂಸ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ.

ಇವು ಇಲ್ಲಿಗೆ ಹೇಗೆ ಬಂದವು? ಅಂದಿನ ಮದರಾಸು ಪ್ರಾಂತ್ಯದಲ್ಲಿ ಅನಂತಪುರವೂ ಇತ್ತು, ಬಳ್ಳಾರಿಯೂ ಇತ್ತು, ದಕ್ಷಿಣ ಕನ್ನಡವೂ ಇತ್ತು. ಬಳ್ಳಾರಿ 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಆ ಕನ್ನಡಿಗರ ರಾಜಧಾನಿ ಇದೇ ಊರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಳ್ಳಾರಿ ಸೀಮೆಯಲ್ಲಿ ಸಂಗ್ರಹಿಸಿದ ಶಿಲಾಯುಗದ ಕೊಡಲಿಗಳೂ 1904ರಲ್ಲಿ ಈ ಸಂಗ್ರಹಾಲಯಕ್ಕೇ ಬಂದವು. ನಾವು ಈ ನಗರಕ್ಕೆ ನಿನ್ನೆ ಮೊನ್ನೆ ಬಂದ ಅತಿಥಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಂಬದ ಮುಂದೆ ನಿಂತು ನಾನು, "ಇದೇ ನೊಳಂಬರ ಕಾಲದ ಗುಡಿ ಅರಳಗುಪ್ಪೆಯಲ್ಲಿದೆ, ತಿಪಟೂರು ತಾಲ್ಲೂಕು" ಎಂದೆ. ಹುಡುಗಿ ಥಟ್ಟನೆ ತಿರುಗಿದಳು. "ತಿಪಟೂರಾ? ಅಜ್ಜಿ ಊರಾ? ಅಜ್ಜಿ ಆ ಗುಡಿ ನೋಡಿದ್ರಾ?"

"ಗೊತ್ತಿಲ್ಲ ಮಗಳೇ. ಕಾಗದದಲ್ಲಿ ಬರೆದಿದ್ದರೂ ಬರೆದಿರಬಹುದು. ಎಲ್ಲವನ್ನೂ ನಾನು ಓದಿಲ್ಲ" ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಕಂಬದ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ಪುಸ್ತಕಗಳ ಮನೆ

ಅದೇ ಆವರಣದಲ್ಲಿ 1896ರಲ್ಲಿ ತೆರೆದ ಕಾನಿಮರಾ ಗ್ರಂಥಾಲಯವಿದೆ. ಅದರ ಹಳೆಯ ಸಭಾಂಗಣವೂ ಅರ್ವಿನ್ ಅವರದೇ. 1954ರ ಕಾನೂನಿನಂತೆ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಸೇರಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೂ ಒಂದು. ಎಂದರೆ ಧಾರವಾಡದಲ್ಲೋ ಪುತ್ತೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕಕ್ಕೂ ಎಗ್ಮೋರಿನಲ್ಲಿ ಹಕ್ಕಿನ ಜಾಗವಿದೆ. ಆ ಪುಸ್ತಕಗಳು ಕಾಯುತ್ತಿವೆ. ತೆರೆಯುವ ಕೈ ನಿಮ್ಮದಾಗಬೇಕು.

ಯಾಕೆ ಈ ಮಾತು ಹೇಳುತ್ತೇನೆಂದರೆ, ಹೇಳದಿದ್ದರೆ ಮರೆತುಹೋಗುತ್ತದೆ. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ ದೋಸೆ ತಿನ್ನದ ಮದರಾಸಿಗರು ಕಡಿಮೆ. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ, ಎಂದರೆ ಅಭಿಜಾತ ಭಾಷೆಯ ಹೆಸರಿನ ಉದ್ಯಾನ. ಅದೇ 2008ರಲ್ಲಿ ನಮ್ಮ ಕನ್ನಡಕ್ಕೂ ಅಭಿಜಾತ ಸ್ಥಾನ ಸಿಕ್ಕಿತು. ಆ ಉದ್ಯಾನ ಬಹಳ ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ಅಲ್ಲಿ ಒಬ್ಬ ಕನ್ನಡಿಗನ ಅಡುಗೆಮನೆ ಇತ್ತು ಎಂದು ನಿಮ್ಮ ತಮಿಳು ಗೆಳೆಯರಿಗೆ ನೀವಲ್ಲದೆ ಇನ್ನು ಯಾರು ಹೇಳಬೇಕು?

ಹೊರಡುವವರಿಗೆ ಎರಡು ಮಾತು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಕರ್ಕ್‌ನಲ್ಲಿ ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಶನಿವಾರವೇ ಅನುಕೂಲ. ನೀರಿನ ಬಾಟಲಿ ಇರಲಿ, ಬಿಸಿಲೇರುವ ಮೊದಲೇ ಹೊರಡಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಡೆಯುತ್ತ ನಡೆಯುತ್ತ ಅವರು ಹೇಳುವ ಸಂಗತಿಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಬುಕ್‌ಚೋನ್‌ಗೂ ಹೋಗಿ, ಬೇಡವೆನ್ನುವವನು ನಾನಲ್ಲ. ಪರರ ಊರನ್ನು ಅಷ್ಟು ಪ್ರೀತಿಯಿಂದ ತಿಳಿಯಬಲ್ಲವರಿಗೆ ತಮ್ಮ ಊರನ್ನು ತಿಳಿಯುವುದು ಕಷ್ಟವೇನಲ್ಲ. ಕನ್ನಡದ ಅಕ್ಷರಗಳು 24ಕ್ಕಿಂತ ಹೆಚ್ಚು, ನಿಜ. ಎರಡು ವಾರ ಸಾಲದಿದ್ದರೆ ಎರಡು ತಿಂಗಳು ಹಿಡಿಯಲಿ. ನಮ್ಮ ಮನೆಯ ಹುಡುಗಿ ಈಗ ಒತ್ತಕ್ಷರದವರೆಗೆ ಬಂದಿದ್ದಾಳೆ. ಮೊನ್ನೆ ಒಂದು ಕಾಗದದ ಮೊದಲ ಸಾಲನ್ನು ಬೆರಳಿಟ್ಟು, ತಡವರಿಸುತ್ತ, ತಾನೇ ಓದಿದಳು. ಅರಳಗುಪ್ಪೆಯ ಸುದ್ದಿ ಇನ್ನೂ ಸಿಕ್ಕಿಲ್ಲ. ಟ್ರಂಕಿನಲ್ಲಿ ಇನ್ನೂ ನಲವತ್ತು ಕಾಗದಗಳಿವೆ.