ಯಾವ ಸಾಲ ಮೊದಲು?

ಕೋಲಾರ ಜಿಲ್ಲೆಯ ಮಾಲೂರು ಸೀಮೆಯ ಮನೆಗಳಿಗೆ ತಿಂಗಳ ಸಂಬಳದ ಲೆಕ್ಕ ಹೊಂದುವುದಿಲ್ಲ. ಡೇರಿಯ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ಇಟ್ಟಿಗೆ ಗೂಡಿನ ಕೂಲಿ ವಾರದ ಕೊನೆಗೆ. ಟೊಮೆಟೊ ದುಡ್ಡು ಬಂದರೆ ಒಟ್ಟಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಕಂತು ಮಾತ್ರ ಇದಾವುದನ್ನೂ ಕಾಯುವುದಿಲ್ಲ.

ಹಾಗಾಗಿ ಇಲ್ಲಿ ಸಂಸಾರದ ಬಜೆಟ್ಟು ಶುರುವಾಗಬೇಕಾದದ್ದು ಗೋಡೆಯ ಕ್ಯಾಲೆಂಡರಿನಿಂದ. ದುಡ್ಡು ಬರುವ ದಿನಕ್ಕೊಂದು ಗುರುತು ಹಾಕಿ, ಕಂತಿನ ದಿನಕ್ಕೆ ಇನ್ನೊಂದು. ಬಟವಾಡೆಗೆ ಮೂರು ದಿನ ಮುಂಚೆ ಕಂತು ಬೀಳುವ ಮನೆಯಲ್ಲಿ ಆ ಮೂರು ದಿನಕ್ಕೆಂದೇ ಕೈಸಾಲ ಹುಟ್ಟುತ್ತದೆ. ಬಟವಾಡೆ ಎಂದರೂ ಅಷ್ಟೆ, ಫೀಡು, ಹಿಂಡಿಯ ಲೆಕ್ಕ ಮುರಿದುಕೊಂಡ ಮೇಲೆ ಉಳಿದದ್ದನ್ನೇ ಆದಾಯ ಎಂದು ಬರೆಯಿರಿ.

ಇನ್ನು ಸಾಲದ ಮಾತು. ಜನ ಸಾಮಾನ್ಯವಾಗಿ ಯಾರು ಬಾಗಿಲಿಗೆ ಬಂದು ಜೋರು ಮಾಡುತ್ತಾರೋ ಅವರ ಸಾಲವನ್ನೇ ಮೊದಲು ತೀರಿಸುತ್ತಾರೆ. ಮನೆ ಹಾಳುಮಾಡುವುದು ಸದ್ದಿಲ್ಲದೆ ಕೂತಿರುವ ಸಾಲ. ಒಂದು ಮನೆಯ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ: ಕೊಳವೆಬಾವಿಗೆಂದು ಊರಿನವರಲ್ಲಿ ತಂದ ಕೈಸಾಲ 30,000, ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಗಿರವಿ ಅಂಗಡಿಯಲ್ಲಿ ಒಡವೆ ಇಟ್ಟು ತಂದದ್ದು 40,000, ನೂರಕ್ಕೆ ಎರಡು. ಮೈಕ್ರೋಫೈನಾನ್ಸಿನ ಬಾಕಿ 45,000, ವರ್ಷಕ್ಕೆ ಶೇ. 24. ಇದರಲ್ಲಿ ಚಿಕ್ಕದು ಕೈಸಾಲವೇ. ಆದರೆ ಅದರ ಬಡ್ಡಿ ತಿಂಗಳಿಗೆ 1,500, ವರ್ಷಕ್ಕೆ 18,000. ಎರಡು ವರ್ಷ ಬಡ್ಡಿ ಕಟ್ಟಿದರೆ 36,000 ಹೋಯಿತು, ಅಸಲು 30,000 ಹಾಗೇ ಉಳಿಯಿತು. ‘ಐದು ರೂಪಾಯಿ’ ಎಂದಾಗ ಹಗುರಾಗಿ ಕೇಳಿಸುವುದು ವರ್ಷದ ಲೆಕ್ಕದಲ್ಲಿ ಶೇ. 60.

ದಾರಿ ಇದೆ. ಗಿರವಿ ಒಡವೆಯನ್ನು ಬಿಡಿಸಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿ ವರ್ಷಕ್ಕೆ ಶೇ. 10ರ ಆಸುಪಾಸು. ಒಡವೆಯ ತೂಕ ಸಾಲುವಂತಿದ್ದರೆ ಅಲ್ಲೇ 70,000 ತೆಗೆದು ಗಿರವಿ, ಕೈಸಾಲ ಎರಡನ್ನೂ ಮುಗಿಸಬಹುದು. ತಿಂಗಳಿಗೆ 2,300 ಇದ್ದ ಬಡ್ಡಿ ಸುಮಾರು 600ಕ್ಕೆ ಇಳಿಯುತ್ತದೆ. ಒಡವೆ ಬಿಡಿಸಲು ಒಂದು ದಿನದ ಮಟ್ಟಿಗೆ ಕೈಯಲ್ಲಿ 40,000 ಬೇಕು; ನೆಂಟರನ್ನು ಕೇಳುವುದಾದರೆ ಇದಕ್ಕೆ ಕೇಳಿ, ಹಬ್ಬಕ್ಕೆ ಬೇಡ. ಉಳಿದ 1,700 ರೂಪಾಯಿಯನ್ನು ತಿಂಗಳು ತಿಂಗಳೂ ಅಸಲಿಗೇ ಹಾಕಬೇಕು. ಫೈನಾನ್ಸಿನ ಕಂತು ತಪ್ಪಿಸದೆ ಕಟ್ಟುತ್ತಿರಿ, ಅದು ತೀರುವ ಮುಂಚೆ ಅದರ ಮೇಲೆ ಇನ್ನೊಂದು ಸಾಲ ಮಾತ್ರ ತೆಗೆಯಬೇಡಿ. ಕರೆಯುವ ಹಸುವನ್ನು ಮಾರಿ ಸಾಲ ತೀರಿಸುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಕಂತು ಬರುವುದು ಅದರ ಹಾಲಿನಿಂದಲೇ.

ಒಂದರ ಕಂತಿಗೆ ಇನ್ನೊಂದು ಸಾಲ ತೆಗೆದರೆ ಏನಾಗುತ್ತದೆಂದು ಈ ಜಿಲ್ಲೆ ಕಂಡಿದೆ. ಮಹಿಳಾ ಸಂಘಗಳಿಗೆ ಬ್ಯಾಂಕುಗಳು ನೇರವಾಗಿ ಸಾಲ ಕೊಟ್ಟ ದೇಶದ ಮೊದಮೊದಲ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಡೆದದ್ದು ಕೋಲಾರ ಜಿಲ್ಲೆಯಲ್ಲೇ. ಅದೇ ಕೋಲಾರದಲ್ಲಿ 2009ರಲ್ಲಿ ಹಲವರ ಕಿರುಸಾಲದ (ಮೈಕ್ರೋಫೈನಾನ್ಸ್) ಮರುಪಾವತಿ ನಿಂತುಹೋಯಿತು. ಒಬ್ಬೊಬ್ಬರೂ ಹಲವು ಸಂಸ್ಥೆಗಳಲ್ಲಿ ಸಾಲ ಮಾಡಿದ್ದು ಅದಕ್ಕೆ ಒಂದು ಕಾರಣ.

2022ರ ಏಪ್ರಿಲ್‌ನಿಂದ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಲ್ಲಿದೆ. ವರ್ಷದ ಆದಾಯ 3 ಲಕ್ಷದವರೆಗಿನ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಮನೆಯವರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗಿ, ನಾಚಿಕೆ ಬೇಡ.

ಇಷ್ಟೆಲ್ಲ ಕೈಗೂಡಬೇಕಾದರೆ ಮನೆಯ ಎಲ್ಲ ಸಾಲವೂ ಒಂದೇ ಹಾಳೆಯಲ್ಲಿರಬೇಕು. ಹೆಂಡತಿಯ ಸಂಘದ ಸಾಲ ಗಂಡನಿಗೆ ಗೊತ್ತಿಲ್ಲ, ಗಂಡನ ಕೈಸಾಲ ಹೆಂಡತಿಗೆ ಗೊತ್ತಿಲ್ಲ ಎಂಬಂಥ ಮನೆಗಳು ಬೇಕಾದಷ್ಟಿವೆ. ಮುಂದಿನ ಬಟವಾಡೆಯ ದಿನ ಇಬ್ಬರೂ ಕೂತು ಬರೆಯಿರಿ, ಮುಚ್ಚಿಟ್ಟದ್ದನ್ನೂ ಬರೆಯಿರಿ. ಬರೆಯುವಾಗ ಒಬ್ಬರನ್ನೊಬ್ಬರು ಬೈಯಬೇಡಿ.