ಮೂಲೆ ಸೇರಿದ ಯೆಜ್ಡಿ ಎಬ್ಬಿಸ್ತೀರಾ? ಮೊದಲು ಆರ್‌ಸಿ ಹುಡುಕಿ, ಪೇಂಟ್ ಕೊನೆಗಿರಲಿ

ರಾಮಗಿರಿ: ಅಡಿಕೆ ಚೀಲಗಳ ಹಿಂದೆಯೋ, ಕೊಟ್ಟಿಗೆ ಮೂಲೆಯಲ್ಲೋ ತಾತನ ಕಾಲದ ಜಾವಾ ಅಥವಾ ಯೆಜ್ಡಿ ಧೂಳು ತಿನ್ನುತ್ತಾ ನಿಂತಿದ್ದರೆ ಗುಜರಿಗೆ ತೂಕಕ್ಕೆ ಹಾಕೋ ಮುಂಚೆ ಸ್ವಲ್ಪ ತಡೀರಿ. ಸಾಮಾನ್ಯ ಸ್ಪ್ಯಾನರ್ ಸೆಟ್ಟು, ತಾಳ್ಮೆ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮನೆಯಲ್ಲೇ ಆಗುತ್ತೆ. ಆದರೆ ತುಂಬಾ ಜನ ಶುರು ಮಾಡೋದೇ ಪೇಂಟ್‌ನಿಂದ. ದುಡ್ಡು ನೀರಾಗೋದು ಅಲ್ಲೇ.

ಇದು ನಮ್ಮ ರಾಜ್ಯದ್ದೇ ಗಾಡಿ. ರುಸ್ತುಂ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಜಾವಾ ಜತೆ ಒಪ್ಪಂದ ಮಾಡಿಕೊಂಡು 1960ರ ದಶಕದ ಶುರುವಿನಿಂದ ಮೈಸೂರಿನಲ್ಲಿ ಬೈಕ್ ತಯಾರಿಸಿತು. ಆಮೇಲೆ ಯೆಜ್ಡಿ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಿಂದ ಬರುತ್ತಿರುವ ಹೊಸ ಜಾವಾ ಫೋರ್ ಸ್ಟ್ರೋಕ್, ಅದರ ಇಂಜಿನ್ ಸಾಮಾನು ಹಳೇದಕ್ಕೆ ಕೂರಲ್ಲ.

ಈಗ ಕಾಗದದ ವಿಷಯ. ಆರ್‌ಸಿ ಅವಧಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ಫಾರಂ 25 ಹಾಕಿ ನವೀಕರಿಸಬೇಕು. ಅಂದ್ರೆ ಕಾರ್ಖಾನೆಯಿಂದ ಕೊನೆಗೆ ಹೊರಬಂದ ಗಾಡಿಗೂ ಅವಧಿ ಎಂದೋ ಮುಗಿದಿದೆ. ಬಾಕಿಗೆ ದಂಡ ಬೀಳುತ್ತೆ, ಹಸಿರು ತೆರಿಗೆಯೂ ಸೇರುತ್ತೆ. ಎಷ್ಟಾಗುತ್ತೆ ಅಂತ ಚಿತ್ರದುರ್ಗದ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲಿಗೆ ಅರ್ಜಿ.

ನಿಜವಾದ ತೊಡಕು ಬೇರೆ. ಗಾಡಿ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇರುತ್ತೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31 ಹಾಕಬೇಕು ಅನ್ನೋದು ನಿಯಮ. ಎಷ್ಟು ಮನೆಯವರು ಮಾಡಿರ್ತಾರೆ? ಈಗ ಮಾಡಿಸಬೇಕಂದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ದೊಡ್ಡಪ್ಪ ಚಿಕ್ಕಪ್ಪಂದಿರ ಒಪ್ಪಿಗೆ ಎಲ್ಲಾ ಬೇಕಾಗುತ್ತೆ. ಮೂಲೆಯಲ್ಲಿದ್ದಾಗ ಯಾರಿಗೂ ಬೇಡವಾದ ಗಾಡಿ, ಕ್ರೋಮ್ ಹೊಳೆದ ದಿನ ಎಲ್ಲರಿಗೂ ಬೇಕಾಗುತ್ತೆ. ಸಹಿ ಮೊದಲೇ ಹಾಕಿಸಿಕೊಂಡವರು ಬುದ್ಧಿವಂತರು. ಇನ್ಶೂರೆನ್ಸ್ ಇಲ್ಲದೆ ರಸ್ತೆಗಿಳಿಸಿ ಯಾರಿಗಾದರೂ ಗುದ್ದಿದರೆ ಪರಿಹಾರ ಕೈಯಿಂದಲೇ ಕಟ್ಟಬೇಕು, ಜಮೀನಿಗೇ ಬಂದರೂ ಬರಬಹುದು.

ಇಂಜಿನ್, ಚಾಸಿ ನಂಬರ್ ಆರ್‌ಸಿಗೆ ತಾಳೆ ಆಗ್ತವಾ ನೋಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು, ಗ್ರೈಂಡರ್ ಹಿಡೀಬೇಡಿ. ನಂಬರ್ ಅಳಿಸಿದಂತೆ ಕಂಡರೆ ಕಳವಿನ ಗಾಡಿ ಅನ್ನೋ ಅನುಮಾನ ಬರುತ್ತೆ. 50 ವರ್ಷ ದಾಟಿದ ಬೈಕಿಗೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತೆ. ಆದರೆ ಇಂಜಿನ್, ಚಾಸಿ ಬದಲಾಯಿಸಿರಬಾರದು, ದಿನದ ಓಡಾಟಕ್ಕೂ ಬಳಸಂಗಿಲ್ಲ. ಮೊದಲ ರೋಡ್‌ಕಿಂಗ್‌ಗಳಿಗೂ ಅದು 2028ರ ತನಕ ಇಲ್ಲ.

ಇನ್ನು ಇಂಜಿನ್. ವರ್ಷಗಟ್ಟಲೆ ನಿಂತ ಗಾಡಿಗೆ ಎಗರಿ ಎಗರಿ ಕಿಕ್ ಹೊಡೆಯೋದು ಮೊದಲ ತಪ್ಪು. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸ್ವಲ್ಪ ಡೀಸೆಲ್ ಹಾಕಿ ಎರಡು ದಿನ ಬಿಡಿ. ಆಮೇಲೆ ಗೇರ್‌ಗೆ ಹಾಕಿ ಹಿಂದಿನ ಚಕ್ರ ಮೆಲ್ಲಗೆ ಹಿಂದೆಮುಂದೆ ಆಡಿಸಿ. ಅಂದಹಾಗೆ ಇದರಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಕೆಳಗೆ ಬಂದರೆ ಗೇರ್. ಗೊತ್ತಿಲ್ಲದ ಹುಡುಗರು ಕಿಕ್ಕೇ ಇಲ್ಲ ಅಂತ ಹುಡುಕ್ತಾರೆ.

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್‌ನ ಆಯಿಲ್ ಸೀಲ್ ಮುಖ್ಯ. ರಬ್ಬರ್ ಒಣಗಿದ್ದರೆ ಗಾಳಿ ಎಳೆದು ಇಂಜಿನ್ ಕಾಯುತ್ತೆ, ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲನ್ನೇ ಕುಡಿದು ಹೊಗೆ ಬಿಡುತ್ತೆ. ಈ ಕೆಲಸ ಮಾತ್ರ ಹಳೇ ಮೆಕ್ಯಾನಿಕ್‌ಗೆ ಬಿಡೋದು ಒಳ್ಳೇದು, ಇಂಜಿನ್ ಪೂರ್ತಿ ಬಿಚ್ಚಬೇಕು. ಸಾಮಾನು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು.

ಟ್ಯಾಂಕ್ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಇಟ್ಟು, ನಟ್ಟುಗಳನ್ನ ಹಾಕಿ ಕುಲುಕಿ, ಸೋಡಾಪುಡಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ಹಳೇ ಪೈಪು, ವಾಷರ್ ಬೇಗ ಹಾಳಾಗ್ತವೆ, ಹೊಸದು ಹಾಕಿ. ಲೀಟರಿಗೆ 30ರಿಂದ 40 ಮಿ.ಲೀ. ಟೂಟಿ ಆಯಿಲ್ ಬೆರೆಸಲೇಬೇಕು, ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಹಳೇ ಮಾಡೆಲ್‌ಗಳ ವೈರಿಂಗ್ 6 ವೋಲ್ಟ್‌ನದ್ದು, 12 ವೋಲ್ಟ್ ಬ್ಯಾಟರಿ ಕೊಟ್ಟರೆ ಬಲ್ಬ್ ಸುಟ್ಟುಹೋಗ್ತವೆ.

ಸ್ಟಾರ್ಟ್ ಆಯ್ತು ಅಂತ ಸೀದಾ ಹೊಳಲ್ಕೆರೆ ರಸ್ತೆ ಹಿಡೀಬೇಡಿ. ಬ್ರೇಕ್ ಶೂ, ಕೇಬಲ್, ಟೈರ್ ಹೊಸದಾಗಿರಲಿ. ಕಾಗದ ಕೈಗೆ ಬರೋವರೆಗೆ ತೋಟದೊಳಗೇ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೀತಿದೆ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ ಹೋಗ್ತಿದೆ. ಅದು ಸರಿಯಾದ ಮೇಲೆ ಪೇಂಟರ್‌ನ ಕರೀರಿ.